ಕೊಳಾಯಿಯೂ ದೀಪವೂ

ಬೆಂಗಳೂರಿನ ನಮ್ಮ ಬೀದಿಯಲ್ಲಿ ಬೆಳಗಿನ ಮೊದಲ ಮಾತು ಸಾಮಾನ್ಯವಾಗಿ ನೀರನ್ನು ಕುರಿತದ್ದು. ಎದುರುಮನೆಯಾಕೆ ಗೇಟಿನ ಬಳಿ ನಿಂತು, "ರೀ, ಕಾವೇರಿ ಬಂತಾ?" ಎಂದು ಕೇಳುತ್ತಾರೆ. ತಲಕಾವೇರಿಯ ತಾಯಿಯೇ ಎರಡು ದಿನಕ್ಕೊಮ್ಮೆ ನಮ್ಮ ಓಣಿಗೆ ದಯಮಾಡಿಸುತ್ತಾಳೆ ಎನ್ನುವಂತಿರುತ್ತದೆ ಆ ಮಾತು. ಬಂದಿತೆಂದು ತಿಳಿದೊಡನೆ ತೊಟ್ಟಿಯ ಮುಚ್ಚಳ ತೆಗೆದು ನೋಡುವುದು, ಮೋಟಾರಿನ ಗುಂಡಿ ಒತ್ತುವುದು, ನೀರು ಮಾಳಿಗೆಗೆ ಏರುವುದು, ಎಲ್ಲವೂ ಕ್ರಮವಾಗಿ ನಡೆಯುತ್ತವೆ. ಕರೆಂಟು ಹೋಗಿದ್ದರೆ ಮಾತ್ರ ಕಾವೇರಿ ಬಂದೂ ಬಾರದಂತೆ. ಆಗ ನಾವು ಎರಡು ಇಲಾಖೆಗಳನ್ನೂ ಬೇರೆ ಬೇರೆಯಾಗಿ ಬೈಯುತ್ತೇವೆ. ಕೊಳಾಯಿ ಒಂದು ಲೆಕ್ಕ, ದೀಪ ಇನ್ನೊಂದು ಲೆಕ್ಕ. ತಿಂಗಳಿಗೆ ಎರಡು ಬಿಲ್ಲು. ಆದರೆ ಈ ಊರಿನ ನೂರಿಪ್ಪತ್ತೈದು ವರ್ಷಗಳ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಿದವರಿಗೆ ಈ ಎರಡು ಬಿಲ್ಲುಗಳೂ ಒಂದೇ ಕಡತದ ಹಾಳೆಗಳೆಂದು ತೋರದಿರದು.

ಬೆಂಗಳೂರಿಗೆ ನದಿಯಿಲ್ಲ. ಸಮುದ್ರಮಟ್ಟಕ್ಕೆ ಸುಮಾರು ಮೂರು ಸಾವಿರ ಅಡಿ ಎತ್ತರದ ದಿಣ್ಣೆಯೊಂದರ ಬೆನ್ನಮೇಲೆ ಊರು ಕುಳಿತಿದೆ. ಆ ಬೆನ್ನಿನ ಪಶ್ಚಿಮಕ್ಕೆ ಬಿದ್ದ ಹನಿ ವೃಷಭಾವತಿಯಾಗಿ ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ಪಾಲು. ಬಿದ್ದ ಮಳೆ ಎರಡು ಕಡೆಗೂ ಜಾರಿಹೋಗುವ ಇಂಥ ನೆಲದಲ್ಲಿ ಕೆಂಪೇಗೌಡರು 1537ರಲ್ಲಿ ಊರು ಕಟ್ಟಿದಾಗ ಕೆರೆಯಿಲ್ಲದೆ ಬದುಕಿಲ್ಲವೆಂಬುದು ಯಾರಿಗೂ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಮುಂತಾದ ಕೆರೆಗಳು, ಅವುಗಳ ಕೆಳಗೆ ತೋಟ, ಮನೆಮನೆಯ ಹಿತ್ತಲಲ್ಲಿ ಬಾವಿ. ಪೇಟೆಯ ಜನ ಇದೇ ನೀರಿನಲ್ಲಿ ಮುನ್ನೂರೈವತ್ತು ವರ್ಷ ಕಾಲ ಹಾಕಿದರು. ಮಳೆ ಬಂದರೆ ಉಂಟು, ಬಾರದಿದ್ದರೆ ಇಲ್ಲ. 1876ರಿಂದ 78ರವರೆಗಿನ ಮಹಾಕ್ಷಾಮ ಈ ಏರ್ಪಾಡಿನ ಮಿತಿಯನ್ನು ತೋರಿಸಿಕೊಟ್ಟಿತು. ಆಮೇಲೆ 1882ರಲ್ಲಿ ಸ್ಯಾಂಕಿ ಕೆರೆ ಕಟ್ಟಿದರು, ಅದೂ ಸಾಲಲಿಲ್ಲ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಊರಿನ ವಾಯವ್ಯಕ್ಕೆ ಹನ್ನೊಂದು ಹನ್ನೆರಡು ಮೈಲಿ ದೂರದ ಹೆಸರಘಟ್ಟದಲ್ಲಿ ಅರ್ಕಾವತಿಗೆ ಅಡ್ಡಲಾಗಿದ್ದ ಕೆರೆಯನ್ನು ಹೊಸದಾಗಿ ಕಟ್ಟಿ ಚಾಮರಾಜೇಂದ್ರ ಜಲಕಾರ್ಖಾನೆ ಆರಂಭವಾಯಿತು. ನೀರು ಸೋಲದೇವನಹಳ್ಳಿಯವರೆಗೆ ತಾನಾಗಿ ಹರಿದು ಬರುತ್ತಿತ್ತು. ಅಲ್ಲಿಂದ ಮುಂದಕ್ಕೆ ಹಬೆಯಂತ್ರಗಳು ಅದನ್ನು ಎತ್ತಿ ಊರಿನತ್ತ ದಬ್ಬಬೇಕಾಗಿತ್ತು. ಇದನ್ನು ನಾನು ಬೆಂಗಳೂರಿನ ಚರಿತ್ರೆಯ ಒಂದು ದೊಡ್ಡ ತಿರುವೆಂದು ಭಾವಿಸುತ್ತೇನೆ. ಅದುವರೆಗೆ ನೀರು ಇಳಿದು ಬರುತ್ತಿತ್ತು, ಇಲ್ಲವೆ ಬಾವಿಯಿಂದ ಹೆಣ್ಣುಮಕ್ಕಳ ತೋಳುಗಳು ಅದನ್ನು ಎಳೆದು ತರುತ್ತಿದ್ದವು. ಅಂದಿನಿಂದ ನೀರು ಏರತೊಡಗಿತು. ಏರಿಸುವುದಕ್ಕೆ ಎಲ್ಲೋ ಏನನ್ನೋ ಸುಡುವುದು ಅಗತ್ಯವಾಯಿತು. ಬೀದಿಯ ಮೂಲೆಯ ಕೊಳಾಯಿ ತಿರುಗಿಸಿದವರು ಆ ಒಲೆಯನ್ನು ನೋಡಿದವರಲ್ಲ.

ಇದೇ ದಿವಾನರ ಇನ್ನೊಂದು ಯೋಜನೆ ಶಿವನಸಮುದ್ರದ್ದು. ಅದರ ಕಥೆ ಮೈಸೂರು ಸಂಸ್ಥಾನದ ಹಿರಿಯರ ಬಾಯಲ್ಲಿ ಎಷ್ಟು ಸಲ ಬಂದರೂ ಹಳೆಯದಾಗುತ್ತಿರಲಿಲ್ಲ. ಕೋಲಾರದ ಚಿನ್ನದ ಗಣಿಗಳು ಆಗ ಹಬೆಯಂತ್ರಗಳಿಂದ ನಡೆಯುತ್ತಿದ್ದವು. ಗಣಿ ಆಳಕ್ಕೆ ಇಳಿದಷ್ಟೂ ಉರುವಲಿನ ಖರ್ಚು ಏರುತ್ತಿತ್ತು. ಸುತ್ತಲಿನ ಸೌದೆ ಮುಗಿದರೆ ದೂರದ ಕಲ್ಲಿದ್ದಲನ್ನೇ ನೆಚ್ಚಬೇಕು. ಅತ್ತ ಕಾವೇರಿ ಶಿವನಸಮುದ್ರದಲ್ಲಿ ಎರಡು ಕವಲಾಗಿ ಗಗನಚುಕ್ಕಿ ಭರಚುಕ್ಕಿಗಳೆಂದು ಧುಮುಕಿ, ನೋಡುವವರ ಕಣ್ಣಿಗೆ ಹಬ್ಬವಾಗಿ, ಸುಮ್ಮನೆ ಹರಿದುಹೋಗುತ್ತಿದ್ದಳು. ಆ ಬೀಳುವ ನೀರಿನ ಬಲವನ್ನು ತಂತಿಯ ಮೂಲಕ ಗಣಿಗೆ ಒಯ್ಯಬಹುದೆಂದು ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯೇರ್ ಲೆಕ್ಕ ಹಾಕಿದರು; ಯಂತ್ರಗಳನ್ನು ನೋಡಲು ಕಡಲು ದಾಟಿ ಅಮೆರಿಕಕ್ಕೆ ಹೋಗಿಬಂದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೆ ಗುತ್ತಿಗೆಯಾಯಿತು. ಶಿವನಸಮುದ್ರದಿಂದ ಕೋಲಾರಕ್ಕೆ 92 ಮೈಲಿ. ಆ ದಿನಗಳಲ್ಲಿ ಜಗತ್ತಿನ ಅತಿ ಉದ್ದದ ವಿದ್ಯುತ್ ತಂತಿಗಳ ಸಾಲಿನಲ್ಲಿ ಅದೂ ಒಂದು. 1902ರ ಜೂನ್ ಕೊನೆಯ ದಿನ ಶಕ್ತಿ ಹರಿಯಿತು. ಅದನ್ನು ಕನಸಿದ ಶೇಷಾದ್ರಿ ಅಯ್ಯರ್ ಅದಕ್ಕೆ ಕೆಲವೇ ತಿಂಗಳುಗಳ ಮುಂಚೆ, 1901ರಲ್ಲಿ, ತೀರಿಕೊಂಡಿದ್ದರು.

ಮೂರು ವರ್ಷಗಳ ನಂತರ, 1905ರ ಆಗಸ್ಟಿನಲ್ಲಿ, ಆ ತಂತಿಯಿಂದಲೇ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ಸೀಮೆಎಣ್ಣೆಯ ಲಾಂದ್ರಗಳನ್ನು ಸಂಜೆ ಏಣಿ ಹಾಕಿ ಹಚ್ಚಿಹೋಗುತ್ತಿದ್ದ ಆಳಿಗೆ ಕೆಲಸ ತಪ್ಪಿತು. ಬೇಸಿಗೆಯಲ್ಲಿ ನದಿ ಸೊರಗಿದರೆ ಗಣಿಯ ಯಂತ್ರಗಳಿಗೆ ಶಕ್ತಿ ಸಾಲದೆಂಬ ಚಿಂತೆಯೇ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗುವುದಕ್ಕೆ ಒಂದು ಮುಖ್ಯ ಕಾರಣ. ಮಂಡ್ಯದ ಗದ್ದೆಗಳನ್ನು ನೋಡಿ ನಾವು ಕೃಷ್ಣರಾಜಸಾಗರವನ್ನು ನೆನೆಯುತ್ತೇವೆ; ಆ ಕಟ್ಟೆಯ ಹುಟ್ಟಿನಲ್ಲಿ ದೀಪಕ್ಕೂ ಒಂದು ಪಾಲಿತ್ತೆಂಬುದನ್ನು ಮರೆಯುತ್ತೇವೆ.

ಹೊಗೆಯಿಲ್ಲದ ಶಕ್ತಿ ಎಂದು ಈಗಿನ ಸಭೆಗಳಲ್ಲಿ ಹೊಸ ಮಾತಿನಂತೆ ಆಡುತ್ತಾರೆ. ಮೈಸೂರು ಸಂಸ್ಥಾನ ಅದನ್ನು ಇಪ್ಪತ್ತನೆಯ ಶತಮಾನದ ಎರಡನೆಯ ವರ್ಷದಲ್ಲೇ ಮಾಡಿ ತೋರಿಸಿತ್ತು, ಮತ್ತು ಸುಮಾರು ಎಂಬತ್ತು ವರ್ಷಗಳ ಕಾಲ ನಮ್ಮ ನಾಡಿನ ದೀಪ ಬಹುಮಟ್ಟಿಗೆ ಬೀಳುವ ನೀರಿನಿಂದಲೇ ಉರಿಯಿತು. ಶಿವನಸಮುದ್ರವಾದ ಮೇಲೆ ಜೋಗ, ಜೋಗದ ಮೇಲೆ 1960ರ ದಶಕದಲ್ಲಿ ಶರಾವತಿ. ಅವುಗಳ ಕೆಳಗೆ ಮುಳುಗಿದ ಊರುಗಳ ಕಥೆ ಬೇರೆಯೇ ಇದೆ. ಅದನ್ನು ಮರೆತು ಹಿಗ್ಗುವುದು ಸಲ್ಲದು. ಆದರೂ ಹೊಗೆ ಇರಲಿಲ್ಲ ಎಂಬುದು ನಿಜ.

ಈ ಮಧ್ಯೆ ಊರಿನೊಳಗೆ ಏನಾಯಿತು? ಕೊಳಾಯಿ ಬಂದ ಮೇಲೆ ಕೆರೆಯ ಮೇಲಿನ ಭಕ್ತಿ ಇಳಿಯಿತು. ದೂರದಿಂದ ನೀರು ಬರುವಾಗ ಹತ್ತಿರದ ಕೆರೆ ಸೊಳ್ಳೆಯ ಗೂಡಾಗಿ, ರೋಗದ ತವರಾಗಿ, ಆಮೇಲೆ ಖಾಲಿ ನಿವೇಶನವಾಗಿ ಕಾಣತೊಡಗುತ್ತದೆ. 1898ರ ಪ್ಲೇಗು ಊರನ್ನು ನಡುಗಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳು ಮೈದಾಳಿದವು. ಅದು ಒಳ್ಳೆಯದೇ ಆಯಿತು. ಆದರೆ ಬಳಸಿದ ನೀರು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ಊರು ಕೊಟ್ಟ ಉತ್ತರ ಒಂದೇ: ಇಳಿಜಾರಿಗೆ. ಇಳಿಜಾರಿನಲ್ಲಿ ಇದ್ದವು ಕೆರೆಗಳೇ. ಪೇಟೆಗೆ ನೀರು ಕೊಟ್ಟ ಧರ್ಮಾಂಬುಧಿಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. ಬಸವಣ್ಣನ ಪಾದದಡಿ ಹುಟ್ಟುತ್ತಾಳೆಂದು ಹಿರಿಯರು ಹೇಳುತ್ತಿದ್ದ ವೃಷಭಾವತಿಯನ್ನು ಈಗಿನ ಮಕ್ಕಳು ಮೂಗು ಮುಚ್ಚಿಕೊಂಡು ದಾಟುವ ಮೋರಿಯೆಂದೇ ಬಲ್ಲರು.

ಅರ್ಕಾವತಿಗೂ ಅದೇ ಗತಿ, ಸ್ವಲ್ಪ ನಿಧಾನವಾಗಿ. 1925ರ ಸುಮಾರಿಗೆ ಹೆಸರಘಟ್ಟ ಬತ್ತಿತು. ವಿಶ್ವೇಶ್ವರಯ್ಯನವರ ಸಮಿತಿ ಕುಳಿತು, 1933ರಲ್ಲಿ ಇನ್ನೂ ಕೆಳಗೆ, ಅರ್ಕಾವತಿ ಕುಮುದ್ವತಿಗಳು ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರ ತುಂಬಿತು. 2012ರ ಹೊತ್ತಿಗೆ ಅಲ್ಲಿಂದಲೂ ಕುಡಿಯುವ ನೀರು ತರುವುದು ನಿಂತಿತು. ಬರುವ ನೀರೇ ಕಡಿಮೆ, ಬಂದದ್ದೂ ಕೊಳಕು. ಈ ಕಾಲದಲ್ಲಿ ನದಿ ಬತ್ತಿದರೆ ಹವಾಮಾನ ಬದಲಾಯಿತೆಂದು ಕೈ ಚೆಲ್ಲುವುದು ಸುಲಭ. ಆದರೆ ಅರ್ಕಾವತಿಯ ಕಣಿವೆಯನ್ನು ವರ್ಷಗಟ್ಟಲೆ ಅಳೆದು ನೋಡಿದ ಸಂಶೋಧಕರು ಅಲ್ಲಿನ ಮಳೆ ಹೇಳಿಕೊಳ್ಳುವಷ್ಟು ಕುಗ್ಗಿಲ್ಲವೆಂದು ಕಂಡುಕೊಂಡರು. ಕೊಳವೆಬಾವಿಗಳು ನೆಲದ ಒಡಲಿನ ನೀರನ್ನು ಸೆಳೆದವು, ನೀಲಗಿರಿ ತೋಪುಗಳು ಉಳಿದದ್ದನ್ನು ಹೀರಿದವು, ಹಳ್ಳಕ್ಕೆ ಒಸರಿ ಬರಬೇಕಾದ್ದು ಒಸರಲಿಲ್ಲ. ನಾವು ಮಾಡಿದ ತಪ್ಪನ್ನೆಲ್ಲ ಆಕಾಶದ ಮೇಲೆ ಹೊರಿಸಬಾರದು. ಆಕಾಶಕ್ಕೆ ನಾವು ಮಾಡಿರುವ ಅಪಚಾರ ಬೇರೆಯಾಗಿಯೇ ಇದೆ, ಅದಕ್ಕೆ ಬರುತ್ತೇನೆ.

1964ರಲ್ಲಿ ಜಲಮಂಡಲಿ ಸ್ಥಾಪನೆಯಾಯಿತು. ಅರ್ಕಾವತಿ ಸಾಲದೆಂದು ಆಗಲೇ ಗೊತ್ತಾಗಿತ್ತು. 1974ರಲ್ಲಿ ಕಾವೇರಿ ಮೊದಲ ಸಲ ಬೆಂಗಳೂರಿನ ಕೊಳಾಯಿಗೆ ಬಂದಳು, ದಿನಕ್ಕೆ 13 ಕೋಟಿ 50 ಲಕ್ಷ ಲೀಟರು. ಎಲ್ಲಿಂದ? ಶಿವನಸಮುದ್ರದ ಬಳಿಯ ಒಡ್ಡಿನಿಂದ! ಯಾವ ತಾಣದಲ್ಲಿ ಕಾವೇರಿ ನಾನೂರು ಅಡಿ ಬಿದ್ದು ಊರಿಗೆ ದೀಪ ಕೊಟ್ಟಿದ್ದಳೋ ಅದೇ ತಾಣದಿಂದ ಅವಳನ್ನು ಮೇಲಕ್ಕೆ ಎತ್ತಿ ತರುವ ಏರ್ಪಾಡು. ತೊರೆಕಾಡನಹಳ್ಳಿಯಲ್ಲಿ ಶುದ್ಧಿಮಾಡಿ ಒಮ್ಮೆ ಎತ್ತಬೇಕು, ಹಾರೋಹಳ್ಳಿಯಲ್ಲಿ ಇನ್ನೊಮ್ಮೆ, ತಾತಗುಣಿಯಲ್ಲಿ ಮತ್ತೊಮ್ಮೆ. ದೂರ ಸುಮಾರು ನೂರು ಕಿಲೋಮೀಟರು. ಎತ್ತರ ಒಟ್ಟಿನಲ್ಲಿ ಸುಮಾರು ಐನೂರು ಮೀಟರು. ಬಿದ್ದದ್ದರ ನಾಲ್ಕರಷ್ಟು ಏರಬೇಕು.

ಮನೆಯ ಜಮಾಖರ್ಚು ಬರೆಯುವ ಓದುಗರು ಈ ಲೆಕ್ಕವನ್ನು ತಾವೇ ಹಾಕಬಹುದು. ಸಾವಿರ ಲೀಟರು ನೀರೆಂದರೆ ಒಂದು ಟನ್ ಭಾರ. ಅದನ್ನು ಐನೂರು ಮೀಟರು ಎತ್ತುವುದಕ್ಕೆ ಶಾಸ್ತ್ರದ ಪ್ರಕಾರವೇ ಒಂದೂಕಾಲು ಯೂನಿಟ್ಟಿಗಿಂತ ಹೆಚ್ಚು ವಿದ್ಯುಚ್ಛಕ್ತಿ ಬೇಕು. ಪಂಪು ಮೋಟಾರುಗಳಲ್ಲಿ ಸೋರಿಹೋಗುವುದನ್ನೂ ಕೊಳವೆಯ ಉಜ್ಜಾಟವನ್ನೂ ಸೇರಿಸಿದರೆ ಎರಡು ಯೂನಿಟ್ಟಿನ ಹತ್ತಿರ ಬರುತ್ತದೆ. ನಾಲ್ಕು ಜನರ ಸಂಸಾರ ದಿನಕ್ಕೆ ಐನೂರು ಲೀಟರು ಬಳಸಿದರೆ, ಮನೆಯ ಮೀಟರಿನಲ್ಲಿ ಕಾಣದ ಒಂದು ಯೂನಿಟ್ಟು ಪ್ರತಿದಿನ ದಾರಿಯಲ್ಲೇ ಖರ್ಚಾಗಿರುತ್ತದೆ. ಹತ್ತು ವ್ಯಾಟಿನ ಈಗಿನ ದೀಪವೊಂದನ್ನು ನಾಲ್ಕು ದಿನ, ಹಗಲೂ ರಾತ್ರಿ, ಉರಿಸುವಷ್ಟು. ಹೊರಗೆ ಹೋಗುವಾಗ ದೀಪ ಆರಿಸೆಂದು ಮಗನನ್ನು ಗದರಿಸುವ ನಾವು ಮುಖಕ್ಷೌರ ಮುಗಿಯುವವರೆಗೆ ಕೊಳಾಯಿ ಬಿಟ್ಟುಕೊಂಡಿರುತ್ತೇವೆ.

1974ರ ಮೊದಲ ಹಂತದ ಮೇಲೆ 1982, 1993, 2002, 2012 ಎಂದು ಹಂತಗಳು ಬೆಳೆದವು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಆರಂಭವಾಗಿ ದಿನಕ್ಕೆ ಇನ್ನೂ 77 ಕೋಟಿ 50 ಲಕ್ಷ ಲೀಟರಿಗೆ ಅವಕಾಶವಾಯಿತು. ಎಲ್ಲ ಕೂಡಿ 220 ಕೋಟಿ ಲೀಟರಿನಷ್ಟು. ಮೇಲಿನ ಲೆಕ್ಕದಂತೆ ಇಷ್ಟನ್ನೂ ಎತ್ತಲು ದಿನಕ್ಕೆ ನಲವತ್ತು ಲಕ್ಷ ಯೂನಿಟ್ಟು ದಾಟುತ್ತದೆ. ಶಿವನಸಮುದ್ರದ ಹಳೆಯ ವಿದ್ಯುದಾಗಾರ ತನ್ನ ಪೂರ್ಣ 42 ಮೆಗಾವಾಟ್ ಬಲದಿಂದ ಇಪ್ಪತ್ತನಾಲ್ಕು ಗಂಟೆ ನಿಲ್ಲದೆ ತಿರುಗಿದರೂ ಹತ್ತು ಲಕ್ಷ ಯೂನಿಟ್ಟು ಕೊಟ್ಟೀತು. ಶೇಷಾದ್ರಿ ಅಯ್ಯರ್ ಅವರ ಅಭಿಮಾನದ ಆ ಯಂತ್ರಗಳು ತಮ್ಮ ಬದಿಯಿಂದಲೇ ಹೊರಡುವ ನೀರಿನ ಕಾಲುಭಾಗವನ್ನು ಮಾತ್ರ ಬೆಂಗಳೂರಿಗೆ ಹತ್ತಿಸಬಲ್ಲವು. ಇಷ್ಟು ಕಷ್ಟಪಟ್ಟು ತಂದದ್ದರಲ್ಲಿ ಕಾಲುಭಾಗಕ್ಕೂ ಮಿಕ್ಕು ಸೋರಿಕೆಯಾಗಿಯೋ ಕಳ್ಳದಾರಿ ಹಿಡಿದೋ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. 2025ರ ಏಪ್ರಿಲಿನಲ್ಲಿ, ಹತ್ತು ವರ್ಷಗಳಿಗೂ ಮಿಕ್ಕ ಬಿಡುವಿನ ನಂತರ, ನೀರಿನ ದರ ಏರಿದಾಗ ಮಂಡಲಿ ಮುಂದಿಟ್ಟ ಮುಖ್ಯ ಕಾರಣಗಳಲ್ಲಿ ವಿದ್ಯುತ್ ಬಿಲ್ಲೂ ಒಂದು. ಅಚ್ಚರಿಪಟ್ಟವರು ಕೊಳಾಯಿಯ ಹಿಂದಿನ ದಾರಿಯನ್ನು ನೋಡದವರು.

ಉಳಿದ ಮುಕ್ಕಾಲು ಪಾಲು ಶಕ್ತಿ ಎಲ್ಲಿಂದ ಬರಬೇಕು? ಶಕ್ತಿಯೆಲ್ಲ ಒಂದೇ ಜಾಲದಲ್ಲಿ ಬೆರೆತು ಬರುವುದರಿಂದ ಈ ಯೂನಿಟ್ಟು ಇಂಥಲ್ಲಿಯದೆಂದು ಬೆರಳಿಟ್ಟು ಹೇಳುವಂತಿಲ್ಲ. 1985ರಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲಿನ ವಿದ್ಯುದಾಗಾರ ಕೆಲಸ ಆರಂಭಿಸಿತು. ಹೊರರಾಜ್ಯಗಳಿಂದ ರೈಲಿನಲ್ಲಿ ಕಲ್ಲಿದ್ದಲು ತಂದು ಅಲ್ಲಿ ಸುಡುತ್ತಾರೆ. ಒಂದು ಯೂನಿಟ್ಟಿಗೆ ಸುಮಾರು ಏಳುನೂರು ಗ್ರಾಂ ಕಲ್ಲಿದ್ದಲು; ಅದರಿಂದ ಹೊರಡುವ ಇಂಗಾಲಾಮ್ಲ ವಾಯು ಒಂದು ಕಿಲೋಗ್ರಾಮಿನಷ್ಟು. ಸುಟ್ಟದ್ದಕ್ಕಿಂತ ಹೊಗೆ ಭಾರವಾದೀತೇ ಎಂದು ಕೇಳಬಹುದು. ಇಂಗಾಲವು ಗಾಳಿಯ ಆಮ್ಲಜನಕವನ್ನು ಕೂಡಿಕೊಂಡು ಹೋಗುವುದರಿಂದ ಹಾಗೆ. ಕಣ್ಣಿಗೆ ಕಾಣದ ಈ ವಾಯು ನೂರಾರು ವರ್ಷ ಮೇಲೆಯೇ ಉಳಿದು ಭೂಮಿಗೆ ಕಂಬಳಿ ಹೊದಿಸುತ್ತದೆ. ಯಂತ್ರಯುಗದ ಆರಂಭದಿಂದ ಭೂಮಿಯ ಸರಾಸರಿ ಉಷ್ಣತೆ ಒಂದು ಡಿಗ್ರಿಗೂ ಮಿಕ್ಕು ಏರಿದೆ. ಅದರಲ್ಲಿ ನಮ್ಮೊಂದು ಊರಿನ ಪಾಲು ಬಹಳ ಚಿಕ್ಕದು, ಒಪ್ಪೋಣ. ಪಾವಗಡದ ಬಯಲಿನಲ್ಲಿ 2019ರ ಹೊತ್ತಿಗೆ ಎರಡು ಸಾವಿರ ಮೆಗಾವಾಟಿನ ಸೌರಶಕ್ತಿಯ ಹಲಗೆಗಳು ಹಾಸಿಕೊಂಡವು. ಹಗಲಿನಲ್ಲಿ ಪಂಪುಗಳಿಗೆ ಅಲ್ಲಿಂದಲೂ ಬಲ ಬರುತ್ತದೆನ್ನಬಹುದು. ರಾತ್ರಿ ಮಾತ್ರ ಸೂರ್ಯ ನಮ್ಮ ಬೆಂಗಳೂರಿನವರಷ್ಟು ಎಚ್ಚರವಾಗಿರುವುದಿಲ್ಲ.

ಕಾದ ಗಾಳಿ ಹೆಚ್ಚು ಆವಿಯನ್ನು ಹೊರುತ್ತದೆ, ಒಂದು ಡಿಗ್ರಿಗೆ ನೂರಕ್ಕೆ ಸುಮಾರು ಏಳರಂತೆ. ಹೊತ್ತದ್ದನ್ನು ಒಮ್ಮೆಲೇ ಸುರಿದರೆ ನೆಲ ಕುಡಿಯಲಾರದು. ಎರಡು ಮಳೆಗಳ ನಡುವಣ ಒಣ ದಿನಗಳು ನೀಳವಾದರೆ ಕೆರೆ ತಾಳಲಾರದು. ಒಂದೊಂದು ವರ್ಷದ ಮಳೆಗೂ ಬರಕ್ಕೂ ಇದೇ ಕಾರಣವೆಂದು ಹೇಳಿಬಿಡುವುದು ಸರಿಯಲ್ಲ. ಬರಗಳು ನಮ್ಮ ತಾತಂದಿರ ಕಾಲದಲ್ಲೂ ಇದ್ದವು. ಆದರೆ ಬಿಸಿಯಾಗುತ್ತಿರುವ ಲೋಕದಲ್ಲಿ ಎರಡೂ ಹೆಚ್ಚು ಕಟುವಾಗುತ್ತವೆಂದು ಹವಾಮಾನ ಶಾಸ್ತ್ರಜ್ಞರು ಹೇಳುತ್ತಾರೆ, ಮತ್ತು ಅವೆರಡರ ರುಚಿಯನ್ನೂ ಬೆಂಗಳೂರು ಎರಡೇ ವರ್ಷಗಳ ಅಂತರದಲ್ಲಿ ನೋಡಿತು. 2022ರ ಸೆಪ್ಟೆಂಬರಿನಲ್ಲಿ ಭಾರಿ ಮಳೆ ಬಂದು ತೊರೆಕಾಡನಹಳ್ಳಿಯ ಪಂಪುಮನೆಗೇ ನೀರು ನುಗ್ಗಿತು. ಬೀದಿಗಳಲ್ಲಿ ದೋಣಿ ನಡೆಯುತ್ತಿದ್ದ ಊರಿನ ಕೊಳಾಯಿಗಳಲ್ಲಿ ಹನಿ ನೀರಿರಲಿಲ್ಲ. 2023ರ ಮುಂಗಾರು ಕೈಕೊಟ್ಟು 2024ರ ಬೇಸಿಗೆ ಬಂದಾಗ, ಸರಕಾರವೇ ಹೇಳಿದಂತೆ, ನಗರದ ಸುಮಾರು ಹದಿನಾಲ್ಕು ಸಾವಿರ ಸರಕಾರಿ ಕೊಳವೆಬಾವಿಗಳಲ್ಲಿ 6,900ರಷ್ಟು ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ರೂಪಾಯಿ ದಂಡ ಎಂದು ಆಜ್ಞೆಯಾಯಿತು. 2007ರಲ್ಲಿ ನಗರಕ್ಕೆ ಸೇರಿಸಿಕೊಂಡ ಹಳ್ಳಿಗಳ ಜನ, ಕಾವೇರಿಯ ಕೊಳವೆ ತಮ್ಮ ಬೀದಿಗೆ ಬರುವುದನ್ನು ಹದಿನೇಳು ವರ್ಷ ಕಾದವರು, ಟ್ಯಾಂಕರಿನವನು ಕೇಳಿದಷ್ಟು ಕೊಟ್ಟರು. ಬರದ ವರ್ಷದಲ್ಲಿ ಇನ್ನೊಂದು ಸುಳಿ ಇದೆ. ಶರಾವತಿಯ ಜಲಾಶಯವೂ ಇಳಿಯುವುದರಿಂದ ಆಗಲೇ ಕಲ್ಲಿದ್ದಲನ್ನು ಹೆಚ್ಚು ಸುಡಬೇಕು.

ಮಾಳಿಗೆಯ ಮೇಲೆ ಬೀಳುವ ಮಳೆಯ ಮಾತನ್ನೂ ಆಡಿಬಿಡೋಣ. ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿಲಿಮೀಟರು. ಸಾವಿರ ಚದರಡಿಯ ಮಾಳಿಗೆಯಲ್ಲಿ, ಸೋರಿದ್ದು ಆರಿದ್ದು ಕಳೆದರೂ, ವರ್ಷಕ್ಕೆ ಎಪ್ಪತ್ತು ಸಾವಿರ ಲೀಟರು ಸಿಕ್ಕೀತು. ಆ ನಾಲ್ಕು ಜನರ ಸಂಸಾರಕ್ಕೆ ನಾಲ್ಕೂವರೆ ತಿಂಗಳಿಗಾಗುವಷ್ಟು. ಅದನ್ನು ತೊಟ್ಟಿಯಿಂದ ಮಾಳಿಗೆಗೆ ಎತ್ತಲು ಹತ್ತು ಮೀಟರು ಸಾಕು, ಐನೂರು ಬೇಡ. ಮಳೆಕೊಯ್ಲು ಕಡ್ಡಾಯವೆಂದು 2009ರಲ್ಲೇ ಕಾನೂನಾಗಿದೆ. ಸಾವಿರಾರು ಮನೆಗಳವರು ಕೊಳವೆ ಹಾಕಿಸುವ ಬದಲು ಬಿಲ್ಲಿನ ಜೊತೆ ದಂಡ ಕಟ್ಟುತ್ತ ಬಂದರು. ಎಲ್ಲರೂ ಹಾಕಿಸಿದರೂ ಕಾವೇರಿಯ ಹಂಗು ತಪ್ಪದು. 1901ರಲ್ಲಿ ದಂಡೂ ಪೇಟೆಯೂ ಸೇರಿ ಒಂದು ಲಕ್ಷ ಅರವತ್ತು ಸಾವಿರದಷ್ಟಿದ್ದ ಜನ 2011ರಲ್ಲಿ 84 ಲಕ್ಷ. ಅಷ್ಟು ಮಂದಿಯ ನೀರು ಮಾಳಿಗೆಗಳಿಂದ ಬರುವುದಿಲ್ಲ. ಆದರೆ ಮುಂದಿನ ಹಂತ ಎಷ್ಟು ದೊಡ್ಡದಾಗಬೇಕೆಂಬುದು ಅದರಿಂದ ಬದಲಾದೀತು.

ಕೊಳಾಯಿಯಿಂದ ಬಂದದ್ದರಲ್ಲಿ ನೂರಕ್ಕೆ ಎಂಬತ್ತು ಪಾಲು ಬಚ್ಚಲಿಗೆ ಹೋಗುತ್ತದೆ. ಊರಿನ ಪೂರ್ವದ ಇಳಿಜಾರಿನಲ್ಲಿ ಅದು ಬೆಳ್ಳಂದೂರಿನ ಕೆರೆಗೆ ಬಂದು ಸೇರುತ್ತಿತ್ತು. ಬಹುಪಾಲು ಸಂಸ್ಕಾರವಿಲ್ಲದೆ, ಸಾಬೂನಿನ ಪುಡಿಯ ಸಮೇತ. 2015ರಲ್ಲಿ ಆ ಕೆರೆಯ ನೊರೆ ರಸ್ತೆಗೆ ಹಾರಿಬಂದದ್ದನ್ನೂ ನೀರಿನ ಮೇಲೆ ಬೆಂಕಿ ಕಾಣಿಸಿಕೊಂಡದ್ದನ್ನೂ ಪತ್ರಿಕೆಗಳ ಚಿತ್ರಗಳಲ್ಲಿ ಎಲ್ಲರೂ ನೋಡಿದರು. 2018ರ ಜನವರಿಯಲ್ಲಿ ಕೆರೆಯ ಅಂಗಳಕ್ಕೆ ಮತ್ತೆ ಬೆಂಕಿ ಹತ್ತಿದಾಗ ಆರಿಸಲು ಸೈನಿಕರು ಬಂದರು.

ಅದೇ 2018ರಲ್ಲಿ ಆ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧಿಮಾಡಿ ಕೊಳವೆಯಲ್ಲಿ ಕೋಲಾರದ ಕೆರೆಗಳಿಗೆ ಕಳಿಸುವ ಕೆಲಸ ಮೊದಲಾಯಿತು. ನೀರು ಮೊದಲು ಲಕ್ಷ್ಮೀಸಾಗರದ ಕೆರೆಗೆ ಹೋಯಿತು. ಕೆಲವೇ ವಾರಗಳಲ್ಲಿ ಅಲ್ಲೂ ನೊರೆ ಕಾಣಿಸಿ, ಸರಬರಾಜು ನಿಂತು, ವಿಷಯ ನ್ಯಾಯಾಲಯಕ್ಕೂ ಹತ್ತಿ, ಮತ್ತೆ ಹರಿಯಿತು. ಇನ್ನೊಂದು ಹಂತ ಶುದ್ಧಿಯಾಗದ ಹೊರತು ಬೇಡವೆನ್ನುವ ರೈತರು ಅಲ್ಲಿದ್ದಾರೆ. ಬತ್ತಿದ ಬಾವಿಯಲ್ಲಿ ನೀರು ಮೇಲೆ ಬಂದಿತೆಂದು ಸಂತೋಷಪಡುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ ಎಂದೇ ನನಗನ್ನಿಸುತ್ತದೆ.

1902ರಲ್ಲಿ ಕಾವೇರಿಯ ಬಲ ತಂತಿಯ ಮೇಲೆ ಕೋಲಾರಕ್ಕೆ ಹೋಯಿತು. ಅದು ಹೋದ ಗಣಿಗಳು 2001ರಲ್ಲಿ ಮುಚ್ಚಿದವು. ಈಗ ಕಾವೇರಿಯೇ, ಬೆಂಗಳೂರಿನ ಬಚ್ಚಲುಗಳನ್ನು ಹಾದು, ಮತ್ತೊಮ್ಮೆ ಪಂಪುಗಳ ಮೇಲೇರಿ ಆ ಜಿಲ್ಲೆಗೆ ಹೋಗುತ್ತಿದ್ದಾಳೆ. ಅಲ್ಲಿ ಕೆರೆಯಿಂದ ನೆಲಕ್ಕಿಳಿದು, ರೈತನ ಕೊಳವೆಬಾವಿಗೆ ಒಸರಿ, ಅವನ ಪಂಪುಸೆಟ್ಟಿನಿಂದ ಇನ್ನೊಮ್ಮೆ ಮೇಲೆ ಬಂದು ಟೊಮೇಟೊ ಸಾಲುಗಳಿಗೆ ಹರಿಯುತ್ತಾಳೆ. ಆ ಟೊಮೇಟೊ ಬುಟ್ಟಿಗಳು ರಾತ್ರಿ ಲಾರಿ ಹತ್ತಿ ಬೆಳಗಿನ ಜಾವಕ್ಕೆ ನಮ್ಮ ಮಾರುಕಟ್ಟೆಯಲ್ಲಿರುತ್ತವೆ. ಎದುರುಮನೆಯಾಕೆ ಅವನ್ನು ಕೊಂಡು ತಂದು, ಕೊಳಾಯಿಯ ಕೆಳಗೆ ಹಿಡಿದು ತೊಳೆಯುತ್ತಾರೆ.